ತಪ್ಪು ಕೇಬಲ್ಲಿನದೇ

ಬಾಗಿಲು ಪೂರ್ತಿ ತೆಗೆಯುವ ಮೊದಲೇ ನಾನು ಬೈಯಲು ಶುರು ಮಾಡಿದ್ದೆ.

"ಈಗ ಬಂದ್ರಾ? ಫೋನ್ ಮಾಡಿ ಮಾಡಿ ನನ್ನ ಬೆರಳು ಸವೀತು. ಬರ್ತೀವಿ, ಬರ್ತೀವಿ ಅಂತ ರಾಗ ಎಳೆಯೋದು ಬಿಟ್ರೆ ನಿಮ್ಮ ಕಂಪನಿಯವರಿಗೆ ಬೇರೆ ಏನೂ ಬರಲ್ವಾ? ನಿಮ್ಮ ಆಫೀಸಲ್ಲಿ ಗಡಿಯಾರ ಇದೆಯೋ, ಅಥವಾ ಅದೂ ನಿಮ್ಮ ಇಂಟರ್ನೆಟ್ ಮೇಲೇ ನಡೆಯೋದೋ?"

ಹೊಸ್ತಿಲಾಚೆ ನಿಂತವನ ಹೆಗಲಿಗೆ ಕಪ್ಪು ಟೂಲ್ ಬ್ಯಾಗು, ಕೈಯಲ್ಲೊಂದು ಕಾಗದದ ಕವರು. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಸ್ವಲ್ಪವೇ ಮೇಲೇರುತ್ತಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

"ಮುಗೀತಾ ಮೇಡಂ?"

"ಇಲ್ಲ. ಉಸಿರು ತಗೊಳ್ತಾ ಇದೀನಿ."

"ನಿಧಾನಕ್ಕೆ ತಗೊಳ್ಳಿ. ನಾನು ಕಂಪನಿಯವನಲ್ಲ. ನಿಮ್ಮ ಸ್ಟೂಡೆಂಟು."

ಕವರಿನಿಂದ ತಿಳಿನೀಲಿ ಬಣ್ಣದ ಅಂಗಿಯೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿ ಹಿಡಿದ. ಜೇಬು ನೇರವಾಗಿ ಕೂತಿತ್ತು. ತೋಳಿನ ಹೊಲಿಗೆ ಎಲ್ಲೂ ಸುಕ್ಕುಗಟ್ಟಿರಲಿಲ್ಲ. ಕಾಜಾಗಳು ಒಂದರ ಕೆಳಗೊಂದು ಅಚ್ಚುಕಟ್ಟಾಗಿದ್ದವು. ಕುತ್ತಿಗೆ ಇರಬೇಕಾದ ಜಾಗ ಮಾತ್ರ ಖಾಲಿ.

"ಕಾಲರ್ ಪಾಠ ಶುರುವಾಗುತ್ತೆ, ನೀವು ಕತ್ತರಿ ಎತ್ತುತ್ತೀರಿ, ಅದು ಬಟ್ಟೆಗೆ ತಾಗೋ ಹೊತ್ತಿಗೆ ಚಿತ್ರ ನಿಂತೇ ಹೋಗುತ್ತೆ," ಎಂದ. "ಪ್ರತಿ ಸಲಾನೂ ಹೀಗೇ. ನಿಮ್ಮ ಕೈ ಗಾಳೀಲಿ, ಬಾಯಿ ಅರ್ಧ ತೆಗೆದು... ಅದನ್ನೇ ನೋಡ್ಕೊಂಡು ಕೂತಿರ್ತೀನಿ. ನೋಡೋದಕ್ಕೇನೂ ಬೇಜಾರಿಲ್ಲ. ಆದ್ರೆ ಅಂಗಿಗೆ ಕುತ್ತಿಗೆ ಬರಬೇಕಲ್ಲ? ನೆಟ್‌ವರ್ಕ್ ರಿಪೇರಿನೇ ನನ್ನ ಕಸುಬು. ಅದಕ್ಕೇ ಬಂದೆ."

ಊರಲ್ಲೇ ಇರುವ ವಿದ್ಯಾರ್ಥಿಗಳು ತಾವು ಹೊಲಿದದ್ದನ್ನು ತೋರಿಸಲು ಭಾನುವಾರ ಮನೆಗೆ ಬರುವುದಿತ್ತು. ಆದರೆ ಈ ಮುಖವನ್ನು ನಾನು ನೋಡಿರಲಿಲ್ಲ.

"ಯಾವ ಸ್ಟೂಡೆಂಟು ನೀವು?"

"ಗುಂಡಿ."

ನನ್ನ ಕಿವಿ ಬಿಸಿಯಾಯಿತು. ಆನ್‌ಲೈನ್ ಹೊಲಿಗೆ ತರಗತಿಯಲ್ಲಿ ಎಲ್ಲರೂ ತಮಗೆ ತೋಚಿದ ಹೆಸರು ಹಾಕಿಕೊಳ್ಳುತ್ತಾರೆ. ಅಂಗಿಯ ಗುಂಡಿ ಹೊಲಿಯುವ ಮೊದಲ ಪಾಠದಿಂದಲೂ 'ಗುಂಡಿ' ಎಂಬ ಹೆಸರಿನ ಒಂದು ಕಪ್ಪು ಚೌಕ ಪರದೆಯ ಮೂಲೆಯಲ್ಲಿ ತಪ್ಪದೆ ಇರುತ್ತಿತ್ತು. ಕ್ಯಾಮೆರಾ ಇಲ್ಲ, ದನಿ ಇಲ್ಲ, ಟೈಪ್ ಮಾಡಿದ ಪ್ರಶ್ನೆಗಳು ಮಾತ್ರ. ಯಾರೋ ಸಂಕೋಚದ ಹುಡುಗಿ ಎಂದುಕೊಂಡು ಒಮ್ಮೆ ಎಲ್ಲರೆದುರೂ, "ನಾಚ್ಕೋಬೇಡ ಗುಂಡಮ್ಮಾ, ಕ್ಯಾಮೆರಾ ಹಾಕು, ನಾವೇನು ನಿನ್ನ ತಿಂದುಬಿಡ್ತೀವಾ?" ಎಂದು ಮುದ್ದು ಮಾಡಿದ್ದೆ.

"ಅವತ್ತು ನನಗೆ ನಿಜವಾಗಿಯೂ ನಾಚಿಕೆ ಆಯ್ತು ಮೇಡಂ," ಎಂದ, ನನ್ನ ಮನಸ್ಸಿನಲ್ಲಿದ್ದದ್ದನ್ನು ಓದಿದವನ ಹಾಗೆ.

ಒಳಗೆ ಕರೆಯದೆ ವಿಧಿಯಿರಲಿಲ್ಲ.

ನಮ್ಮ ಮನೆಯ ನೆಟ್‌ವರ್ಕಿನ ಕಥೆ ಹೇಳಬೇಕಾದರೆ ಮೊದಲು ಅಪ್ಪನ ಕಥೆ ಹೇಳಬೇಕು. ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು ಅವರು. ಅವರು ಜೋಡಿಸಿದ ಲೈನಿನಲ್ಲಿ ಗೊರಗೊರ ಸದ್ದು ಬಂದದ್ದೇ ಇಲ್ಲ ಎಂದು ಇವತ್ತಿಗೂ ಹಳೆಯ ಸ್ನೇಹಿತರು ಹೇಳುತ್ತಾರೆ. ರೂಟರ್ ಮತ್ತು ಮನೆಯ ದೊಡ್ಡ ಕಂಪ್ಯೂಟರ್ ಮುಂದಿನ ಹಾಲ್‌ನಲ್ಲಿವೆ. ನನ್ನ ಹೊಲಿಗೆ ಕೋಣೆ ಹಿತ್ತಲಿನಾಚೆ. ನಡುವಿನ ದಪ್ಪ ಗೋಡೆಗಳನ್ನು ವೈಫೈ ದಾಟುವುದಿಲ್ಲ. ಹಾಗಾಗಿ ಅಪ್ಪ ಏಣಿ ಹತ್ತಿ, ಸೂರಿನ ಗುಂಟ ಕೇಬಲ್ ಎಳೆದು, ಅಳತೆ ಹಿಡಿದು ಕ್ಲಿಪ್ ಹೊಡೆದು, ಎರಡೂ ತುದಿಗೆ ತಾವೇ ಕನೆಕ್ಟರ್ ಕೂರಿಸಿದರು. ಆಮೇಲೆ ಟೆಸ್ಟರ್ ಸಿಕ್ಕಿಸಿದರು. ಅದರಲ್ಲಿ ಒಂದೊಂದು ತಂತಿಗೆ ಒಂದೊಂದು ಹಸಿರು ದೀಪ. ಎಲ್ಲವೂ ಸಾಲಾಗಿ ಹತ್ತಿದವು.

"ಎಂಟಕ್ಕೆ ಎಂಟು!" ಎಂದರು ಅಪ್ಪ. ಅಲ್ಲಿಗೆ ವಿಷಯ ಮುಗಿಯಿತು.

ನನಗೆ ಮುಗಿಯಲಿಲ್ಲ. ನನ್ನ ಕಂಪ್ಯೂಟರನ್ನು ಹಾಲಿಗೆ ಹೊತ್ತು ತಂದು ರೂಟರಿಗೆ ಗಿಡ್ಡ ವೈರಿನಲ್ಲಿ ಸಿಕ್ಕಿಸಿದರೆ ಎಲ್ಲವೂ ಸಲೀಸು. ಕೋಣೆಗೆ ವಾಪಸ್ ಒಯ್ದರೆ ಮತ್ತೆ ಅದೇ ಹಾಡು. ಅಂದರೆ ತಪ್ಪು ನಡುವಿನ ಕೇಬಲ್ಲಿನದು. ಮೊದಲ ದಿನವೇ ಹೇಳಿದೆ. ಅಪ್ಪ ನಕ್ಕುಬಿಟ್ಟರು. ಮತ್ತೆ ಹೇಳಿದಾಗ ಗದರಿದರು. "ನೀನು ಏನೇನೋ ಒತ್ತಿರ್ತೀಯ, ಅದಕ್ಕೇ ಹೀಗಾಗೋದು." ಹೊಸ ಕಂಪ್ಯೂಟರ್ ತಂದರೂ ಹಾಗೆಯೇ ಆಯಿತು. ಆಗಲೂ ತಪ್ಪು ನನ್ನದೇ. ಕಂಪನಿಯಿಂದ ಬಂದ ಹುಡುಗರು ಕೇಬಲ್ಲಿನ ಹತ್ತಿರ ಕೈ ಒಯ್ದರೆ ಸಾಕು, ಅಪ್ಪ ಅವರನ್ನು ಗೇಟಿನವರೆಗೆ ಅಟ್ಟುತ್ತಿದ್ದರು.

ಪರದೆಯ ಮೇಲಿನ ಚೌಕಗಳು ಕಡಿಮೆಯಾಗುತ್ತಾ ಬಂದವು. ಚಿತ್ರ ನಿಲ್ಲುವ ತರಗತಿಯಲ್ಲಿ ಕೂತು ಬಟ್ಟೆ ಹಾಳು ಮಾಡಿಕೊಳ್ಳಲು ಯಾರಿಗೆ ಇಷ್ಟ? ಅಪ್ಪ ನನಗಾಗಿ ರೆಡಿಮೇಡ್ ಅಂಗಡಿಯೊಂದರಲ್ಲಿ ಕೆಲಸ ಕೇಳಿಟ್ಟಿದ್ದರು. ತಿಂಗಳ ಕೊನೆಗೆ ಕ್ಲಾಸು ಗೀಸು ನಿಲ್ಲಿಸಬೇಕು ಎಂದು ಅಪ್ಪಣೆಯಾಗಿತ್ತು. ತರಗತಿ ಹೋಗುವುದು ಒಂದು ಸಂಕಟ. ಆದರೆ ರಾತ್ರಿ ನಿದ್ದೆ ಕೆಡಿಸುತ್ತಿದ್ದದ್ದು ಬೇರೆ. ಸರಿಯಾದ ಮಾತನ್ನು ಸರಿಯಾಗಿ ಹೇಳಿದರೂ ಸ್ವಂತ ಮನೆಯಲ್ಲಿ ಅದಕ್ಕೆ ಕವಡೆ ಕಾಸಿನ ಬೆಲೆ ಇಲ್ಲವಲ್ಲ ಎಂಬ ಸಿಟ್ಟು.

ಗುಂಡಿ ಅಪ್ಪನಿಗೆ ನಮಸ್ಕಾರ ಹೇಳಿದ. ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಟೆಸ್ಟರ್ ತಂದು ಸಿಕ್ಕಿಸಿ, ದೀಪಗಳ ಮೆರವಣಿಗೆ ತೋರಿಸಿದರು.

"ನೋಡಪ್ಪಾ. ಎಂಟಕ್ಕೆ ಎಂಟು. ಇನ್ನೇನು ಬೇಕು?"

ಅವನು ದೀಪಗಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ ಏನು ಹೇಳ್ತಾರೆ?"

ಆ ಪ್ರಶ್ನೆಯನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿ ಅಷ್ಟು ಮಾತಾಡಿದ್ದ ನನಗೆ ಈಗ ಒಂದೇ ಪದ ಸಿಕ್ಕಿತು.

"ಕೇಬಲ್," ಎಂದೆ.

"ಸರಿ. ಅಲ್ಲಿಂದಲೇ ಶುರು ಮಾಡೋಣ."

ನಾನು ಅಲ್ಲೇ ಬಿದ್ದೆ ಎಂದು ಈಗ ಅನ್ನಿಸುತ್ತದೆ. ಅವನ ಕಣ್ಣಿಗಲ್ಲ, ನಗುವಿಗಲ್ಲ. ಅವೆರಡೂ ಚೆನ್ನಾಗಿಯೇ ಇದ್ದವು, ಅದು ಬೇರೆ ಮಾತು.

ಅವನು ಮೊದಲು ಹೊರಗಿನಿಂದ ರೂಟರಿಗೆ ಬರುವ ಲೈನನ್ನು ಕಿತ್ತ. ಆಮೇಲೆ ನನ್ನ ಕೋಣೆಗೆ ಬಂದು, ನನ್ನ ಕಂಪ್ಯೂಟರಿನಿಂದ ಹಾಲ್‌ನ ಕಂಪ್ಯೂಟರಿಗೆ ಪಾಠದ ವಿಡಿಯೋ ಒಂದನ್ನು ಕಾಪಿ ಹಾಕಿದ. ಹಸಿರು ಪಟ್ಟಿ ಆಮೆಯ ಹಾಗೆ ತೆವಳತೊಡಗಿತು.

"ಹೊರಗಿನವರ ಸಂಬಂಧ ಕಡಿದಾಯ್ತು," ಎಂದ. "ಇನ್ನು ಏನೇ ಜಗಳ ಇದ್ರೂ ಮನೆಯೊಳಗಿಂದೇ."

"ಈ ಮನೆಯೊಳಗಿನ ಜಗಳ ನಿಮಗೆ ಗೊತ್ತಿಲ್ಲ."

"ಗೊತ್ತಿದೆ. ಕೆಲವು ಸಲ ನೀವು ಮೈಕ್ ಆಫ್ ಮಾಡೋದು ಮರೀತೀರಿ."

ನಾನು ಅವನತ್ತ ಕೆಂಗಣ್ಣು ಬಿಟ್ಟೆ. ಅವನು ಪಟ್ಟಿಯನ್ನೇ ನೋಡುತ್ತಿದ್ದ. ಅಥವಾ ನೋಡುವ ಹಾಗೆ ನಟಿಸುತ್ತಿದ್ದ. ಪರದೆಯ ಗಾಜಿನಲ್ಲಿ ನನ್ನ ಮುಖದ ನೆರಳಿತ್ತು. ಅವನ ಕಣ್ಣು ಇದ್ದದ್ದು ಅದರ ಮೇಲೆ. ಸಿಕ್ಕಿಬಿದ್ದೆನೆಂದು ತಿಳಿದದ್ದೇ ತಡ, ರೆಪ್ಪೆ ಇಳಿಸಿ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದ.

"ಕತ್ತರಿ ಮರೆತು ಬಂದಿದೀನಿ. ಮೇಜಿನ ಮೇಲಿರೋದನ್ನ ತಗೊಳ್ಳಲಾ?"

"ಮುಟ್ಟಿ ನೋಡಿ. ಬಟ್ಟೆ ಕತ್ತರಿಯಲ್ಲಿ ತಂತಿ ಕತ್ತರಿಸ್ತೀರಾ? ಮೊದಲನೇ ಪಾಠದಲ್ಲೇ ಏನು ಹೇಳಿದ್ದೆ?"

"ಬಟ್ಟೆ ಕತ್ತರಿ ಕಾಗದಕ್ಕೂ ತಾಗಬಾರದು," ಎಂದು ಕೈಕಟ್ಟಿ ಒಪ್ಪಿಸಿದ. ನಗು ತಡೆಯಲು ನಾನು ಬೆನ್ನು ತಿರುಗಿಸಿ ಅಡುಗೆಮನೆಯ ಹಳೆಯ ಕತ್ತರಿ ತರಲು ಹೋದೆ.

ಕನೆಕ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವನ ಮುಖದಿಂದ ತುಂಟತನ ಹೋಯಿತು. ಹತ್ತಿರ ಕರೆದು ತೋರಿಸಿದ. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಬಣ್ಣಬಣ್ಣದ ಎಳೆಗಳು ಸಾಲಾಗಿ ಮಲಗಿದ್ದವು.

"ಎಂಟು ತಂತಿ ಎರಡೆರಡಾಗಿ ಹೆಣೆದಿರ್ತವೆ. ಟೆಲಿಫೋನಲ್ಲಿ ಒಂದೊಂದು ಜೋಡೀನೂ ಪಕ್ಕಪಕ್ಕ ಕೂರಿಸ್ತಾರೆ. ಇದ್ರಲ್ಲಿ ಹಾಗಲ್ಲ. ಹಸಿರು ಜೋಡೀನ ಬಿಡಿಸಿ, ನೀಲಿ ಜೋಡೀನ ಅದರ ಮಧ್ಯೆ ಕೂರಿಸಬೇಕು. ಸರ್ ತಮ್ಮ ಇಲಾಖೆ ಅಭ್ಯಾಸದಲ್ಲೇ ಎಲ್ಲ ಪಕ್ಕಪಕ್ಕ ಕೂರಿಸಿದಾರೆ. ಎರಡೂ ತುದೀಲಿ ಹಾಗೇ ಇರೋದ್ರಿಂದ ದೀಪ ಎಲ್ಲ ಹತ್ತುತ್ತೆ. ತಂತಿ ಆ ಕಡೆ ಮುಟ್ಟಿದೆಯಾ ಅನ್ನೋದಷ್ಟೇ ದೀಪಕ್ಕೆ ಗೊತ್ತು. ವಿಡಿಯೋದಂಥ ಭಾರ ಬಿದ್ದಾಗ ಒಂದರ ಮಾತು ಇನ್ನೊಂದರೊಳಗೆ ಸೇರಿ ಎಲ್ಲ ಕಲಸುಮೇಲೋಗರ."

"ಅಂದ್ರೆ ಕೇಬಲ್ಲೇ."

"ಕೇಬಲ್ಲೇ. ನೀವು ಮೊದಲಿಂದ ಹೇಳಿದ್ದೇ ಸರಿ."

ಮೈಯೆಲ್ಲ ಹಗುರಾಯಿತು. ಅವನು ಈ ತುದಿ ಕತ್ತರಿಸಿ ಹೊಸದು ಹಾಕಿದ. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಹಾಲ್‌ನ ತುದಿಯನ್ನು ನನ್ನ ಕೈಯಲ್ಲೇ ಹಾಕಿಸಿದ. ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಅವನು ಮೆಲ್ಲಗೆ ಹೇಳುತ್ತಾ ಹೋದ, ನಾನು ಜೋಡಿಸುತ್ತಾ ಹೋದೆ. ಅವನ ಬೆರಳು ನನ್ನದಕ್ಕೆ ತಾಗಲಿಲ್ಲ. ತಾಗದ ಹಾಗೆ ಅವನು ಎಷ್ಟು ಎಚ್ಚರ ವಹಿಸುತ್ತಿದ್ದನೆಂದರೆ, ತಾಗಿದ್ದಕ್ಕಿಂತ ಹೆಚ್ಚಾಗಿ ಅದು ನನ್ನನ್ನು ಕಾಡಿತು.

"ಸರ್ ಬರೋದ್ರೊಳಗೆ ಇಕ್ಕಳದಲ್ಲಿ ಒತ್ತಿಬಿಡಿ," ಎಂದ. ಒತ್ತಿದೆ. ತುದಿ ಸಿಕ್ಕಿಸಿ, ಹಾಲ್‌ನ ಕಂಪ್ಯೂಟರಿನಲ್ಲಿ ಅದೇ ವಿಡಿಯೋ ಮತ್ತೆ ಕಾಪಿ ಹಾಕಿದಾಗ ಹಸಿರು ಪಟ್ಟಿ ಈ ತುದಿಯಿಂದ ಆ ತುದಿಗೆ ಒಂದೇ ಓಟ ಓಡಿತು. ನಾನು ಕುಣಿಯುವುದೊಂದು ಬಾಕಿ.

ಅಪ್ಪ ತಲೆ ಒರೆಸಿಕೊಳ್ಳುತ್ತಾ ಬಂದರು. "ಏನಾಗಿತ್ತಪ್ಪಾ?"

ನಾನು ಅವನ ಬಾಯಿಯನ್ನೇ ನೋಡುತ್ತಾ ನಿಂತೆ. ಈಗ ಹೇಳುತ್ತಾನೆ. ಕಸುಬು ಬಲ್ಲವನ ಬಾಯಿಂದ, ಅಪ್ಪನ ಎದುರು, ಈಗ ಬರುತ್ತದೆ ನನ್ನ ಮಾತು.

ಅವನು ಅಪ್ಪನ ನರೆತ ಕೂದಲು ನೋಡಿದ, ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟಿದ್ದ ಟೆಸ್ಟರ್ ನೋಡಿದ.

"ಕಂಪನಿ ಕಡೆ ತೊಂದ್ರೆ ಸರ್. ನಿಮ್ಮ ವೈರಿಂಗ್ ಫಸ್ಟ್ ಕ್ಲಾಸ್."

"ಕೇಳಿಸ್ಕೊಂಡ್ಯೇನೇ?" ಅಪ್ಪನ ಮುಖ ಊರಗಲವಾಯಿತು. "ಕೇಬಲ್ ಅಂತೆ ಕೇಬಲ್! ಕೂತ್ಕೊಳ್ಳಪ್ಪಾ, ಕಾಫಿ ಕುಡಿದು ಹೋಗು. ಆಗಾಗ ಬರ್ತಾ ಇರು."

ಅವನು ಕಾಫಿ ಕುಡಿದ. ನಾನು ಗೇಟಿನ ಬಳಿ ಕಾದೆ.

"ಮೇಡಂ, ಸ್ವಲ್ಪ ಕೇಳಿ..."

"ಹೊರಗಿನ ಲೈನ್ ಕಿತ್ತು ತೋರಿಸಿದ್ದು ಯಾರು? ಕೇಬಲ್ಲೇ ಅಂದಿದ್ದು ಯಾರು?"

"ವಯಸ್ಸಾದವರು. ಜೀವಮಾನ ಇದೇ ಕೆಲಸ ಮಾಡಿದಾರೆ. ಅವರ ಮನಸ್ಸು ಯಾಕೆ ನೋಯಿಸಬೇಕು ಅಂತ."

"ನನ್ನ ಮನಸ್ಸು? ಅದೇನು ಚಿಂದಿ ಬಟ್ಟೆನಾ, ಒರೆಸಿ ಬಿಸಾಕೋಕೆ?"

ಅವನು ತಲೆ ತಗ್ಗಿಸಿದ. "ಇನ್ನೊಂದು ಕಾರಣ ಇದೆ. ಸರ್‌ಗೆ ನಾನು ಇಷ್ಟ ಆದ್ರೆ ಮತ್ತೆ ಬರಬಹುದು ಅಂತ."

"ಯಾಕೆ ಬರಬೇಕು?"

ಅವನು ಕಣ್ಣೆತ್ತಿದ. ಅದರಲ್ಲಿ ಇದ್ದದ್ದು ನನಗೆ ಕಂಡಿತು. ಕಂಡದ್ದು ಬೇಕು ಎಂದೂ ಅನ್ನಿಸಿತು. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು.

"ನನ್ನ ಮಾತನ್ನ ಬಲಿ ಕೊಟ್ಟು ಈ ಮನೆಗೆ ಬರೋದಾದ್ರೆ ಬರಲೇಬೇಡಿ. ಅಪ್ಪನ ಎದುರು ನನ್ನ ಪರ ಒಂದು ಮಾತಾಡೋಕೆ ಆಗದವರು ನಾಳೆ ಯಾರೆದುರು ಮಾತಾಡ್ತೀರಿ?"

ಗೇಟು ಹಾಕಿದೆ. ಒಳಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕಿತ್ತಳೆ, ಹಸಿರು, ನೀಲಿ, ಎಲ್ಲ. ಅಪ್ಪ ಕನ್ನಡಕ ಒರೆಸುತ್ತಾ, "ಕೆಲಸ ಬಲ್ಲ ಹುಡುಗನೇ ಹೇಳಿ ಹೋದ. ಇನ್ನೂ ನಿಂದೇ ನಡೀಬೇಕಾ?" ಎಂದರು. ಅವನ ಒಂದು ಸುಳ್ಳು ನನ್ನನ್ನು ಮೊದಲಿಗಿಂತ ಹಿಂದಕ್ಕೆ ತಳ್ಳಿತ್ತು.

ತರಗತಿಗಳು ಸಲೀಸಾಗಿ ನಡೆದವು. ಬಿಟ್ಟುಹೋದವರು ಮರಳಿದರು. ಕಾಲರನ್ನು ಗಟ್ಟಿ ನಿಲ್ಲಿಸುವ ಕ್ಯಾನ್ವಾಸು ಬಟ್ಟೆ ಕತ್ತರಿಸುವಾಗ ಚಿತ್ರ ಎಲ್ಲೂ ನಿಲ್ಲಲಿಲ್ಲ. ಮೂಲೆಯ ಕಪ್ಪು ಚೌಕ ದಿನವೂ ಬಂದು ಕೂರುತ್ತಿತ್ತು. ಪ್ರಶ್ನೆ ಕೇಳುತ್ತಿರಲಿಲ್ಲ. ನಾನೂ ಅತ್ತ ನೋಡುವುದಿಲ್ಲ ಎಂದು ಹಟ ಹಿಡಿದೆ. ಆದರೂ ಒಂದು ದಿನ ಅದು ಸ್ವಲ್ಪ ತಡವಾಗಿ ಕಾಣಿಸಿಕೊಂಡಾಗ, ನೇರ ಹೋಗಬೇಕಾದ ಚಾಕ್‌ಪೀಸಿನ ಗೆರೆ ಸೊಟ್ಟಗಾಯಿತು. "ಮೇಡಂ, ಗೆರೆ..." ಎಂದರು ಯಾರೋ. "ಗೊತ್ತು," ಎಂದು ಗದರಿದೆ. ಪಾಪ, ಆಕೆಯದೇನೂ ತಪ್ಪಿರಲಿಲ್ಲ.

ಮುಂದಿನ ಭಾನುವಾರ ಅವನು ಬಂದ. ಬ್ಯಾಗಿಲ್ಲ, ಕವರಿಲ್ಲ, ಬರಿಗೈ. ಅಪ್ಪ ಹಾಲ್‌ನಲ್ಲಿ ಪೇಪರ್ ಓದುತ್ತಿದ್ದರು, ಅಮ್ಮ ಬಟ್ಟೆ ಮಡಚುತ್ತಿದ್ದಳು.

"ಬಾರಪ್ಪಾ," ಎಂದರು ಅಪ್ಪ.

"ಕೂತ್ಕೊಳ್ಳಲ್ಲ ಸರ್. ಅವತ್ತು ನಾನು ಸುಳ್ಳು ಹೇಳಿದೆ. ಕಂಪನಿ ಕಡೆ ಏನೂ ತೊಂದ್ರೆ ಇರ್ಲಿಲ್ಲ. ಎರಡೂ ತುದೀಲಿ ತಂತಿ ಜೋಡಿಸಿದ ಕ್ರಮ ತಪ್ಪಿತ್ತು. ಮೇಡಂ ಹೇಳಿದ್ದೇ ಸರಿ."

ಪೇಪರು ಕೆಳಗಿಳಿಯಿತು. "ಹಾಗಾದ್ರೆ ಅವತ್ತು ಯಾಕೆ ಹೇಳ್ಲಿಲ್ಲ?"

"ನಿಮ್ಮ ಮಗಳ ಮೇಲೆ ಮನಸ್ಸಾಗಿದೆ. ನಿಮ್ಮನ್ನ ಎದುರು ಹಾಕ್ಕೊಂಡ್ರೆ ಅದು ಕೆಡುತ್ತೆ ಅಂತ ಹೆದರಿದೆ. ಅವರನ್ನ ಮದುವೆ ಆಗಬೇಕು ಅಂತಿದೀನಿ ಸರ್."

ಅಮ್ಮನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಇದನ್ನ ಮೊದಲು ಅಪ್ಪನ ಹತ್ರ ಹೇಳ್ತೀರಾ? ಕೇಬಲ್ ವಿಷಯ ಅಪ್ಪಂಗೆ, ಮದುವೆ ವಿಷಯಾನೂ ಅಪ್ಪಂಗೆ. ನಾನೇನು ಈ ಮನೆ ರೂಟರಾ, ನಿಮ್ಮ ಮಾತೆಲ್ಲ ನನ್ನ ದಾಟಿಕೊಂಡು ಅಪ್ಪಂಗೆ ಹೋಗೋಕೆ?"

"ಏಯ್, ನೀನು ಸುಮ್ನಿರು," ಎಂದು ಅಪ್ಪ ಎದ್ದರು. ಮುಖ ಕೆಂಪಾಗಿತ್ತು. "ನನ್ನ ಕೆಲಸಕ್ಕೆ ಹೆಸರಿಡೋನು ನನ್ನ ಮನೆಗೆ ಅಳಿಯ ಆಗ್ತಾನಂತೆ! ನಡಿ ಆಚೆ."

"ಅವರು ಎಲ್ಲೂ ಹೋಗಲ್ಲ," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ಅಪ್ಪ, ಇಷ್ಟು ದಿನ ನೀವು ನನ್ನ ಕೈಯೇ ಸರಿ ಇಲ್ಲ ಅಂದ್ರಿ. ಆ ಹಾಲ್ ತುದಿ ಕನೆಕ್ಟರ್ ನಾನೇ ಹಾಕಿದ್ದು, ಇದೇ ಕೈಯಲ್ಲಿ. ನಿಲ್ಲದೆ ನಡೀತಾ ಇದೆ. ಕ್ಲಾಸೂ ನಡೆಯುತ್ತೆ, ಅಂಗಡಿ ಕೆಲಸಕ್ಕೆ ನಾನು ಹೋಗಲ್ಲ. ಇನ್ನು ಇವರ ವಿಷಯ. ಓಡಿಹೋಗೋಳಲ್ಲ ನಾನು, ಹೆದರ್ಕೋಬೇಡಿ. ತಪ್ಪು ನಿಮ್ಮದು ಅಂತ ನಿಮ್ಮ ಬಾಯಲ್ಲಿ ಬರೋವರೆಗೂ ಯಾರಿಗೂ ಹೂಂ ಅನ್ನಲ್ಲ. ಅಲ್ಲೀವರೆಗೆ ಇವರು ಭಾನುವಾರ ಭಾನುವಾರ ಬರ್ತಾರೆ. ಮುಂದಿನ ಬಾಗಿಲಿಂದ."

ಅವನ ಕಡೆ ತಿರುಗಿದೆ. "ಬರ್ತೀರಾ?"

"ಬರ್ತೀನಿ," ಎಂದ. ಈ ಸಲ ಅಪ್ಪನ ಕಡೆ ನೋಡದೆ ಹೇಳಿದ.

ಅಪ್ಪ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅಮ್ಮ ಟವೆಲು ಮಡಚಿ ಮುಗಿಸಿ, "ಇವಳ ಹಟ ಅವರದ್ದೇ, ಅವರಿಗೇ ಗೊತ್ತಾಗಲ್ಲ," ಎಂದು ಗೊಣಗಿ ಕಾಫಿ ಇಡಲು ಎದ್ದಳು.

ಅವನು ಹೇಳಿದಂತೆ ಬಂದ. ಭಾನುವಾರಗಳು ಒಂದರ ಹಿಂದೊಂದು ಹೋದವು. ಅಪ್ಪ ಹಾಲ್‌ನಲ್ಲಿ ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದರು. ಅವನು "ನಮಸ್ಕಾರ ಸರ್" ಎನ್ನುತ್ತಿದ್ದ, ಉತ್ತರ ಬರುತ್ತಿರಲಿಲ್ಲ, ಅವನು ಹಿತ್ತಲು ದಾಟಿ ನನ್ನ ಕೋಣೆಗೆ ಬರುತ್ತಿದ್ದ. ಬಾಗಿಲು ತೆರೆದೇ ಇರುತ್ತಿತ್ತು. ಅದು ನನ್ನ ಹಟ. ಮುಚ್ಚಿಕೊಳ್ಳುವಂಥದ್ದು ನಮ್ಮಲ್ಲೇನೂ ಇರಲಿಲ್ಲ.

"ಬೇಜಾರಾಗಲ್ವಾ?" ಎಂದು ಒಮ್ಮೆ ಕೇಳಿದೆ.

"ಯಾಕೆ? ಮೊದಲು ನಿಮ್ಮನ್ನ ನಿಂತ ಚಿತ್ರದಲ್ಲಿ ನೋಡ್ತಿದ್ದೆ. ಈಗ ಓಡಾಡ್ತೀರಿ, ಬೈತೀರಿ. ಪ್ರಮೋಷನ್ನೇ ಅಲ್ವಾ?"

"ಹೂಂ ಅನ್ನದೇ ಹೋದ್ರೆ?"

ಅವನು ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟ. "ನಿಮ್ಮ ಮಾತು ಗೆಲ್ಲೋದು ನನಗೂ ನೋಡಬೇಕು. ನನ್ನಿಂದಲೇ ಸೋತಿದ್ದಲ್ವಾ?"

ನನಗೆ ಅವನ ಕೆನ್ನೆ ಮುಟ್ಟಬೇಕೆನಿಸಿತು. ಸೂಜಿ ಹಿಡಿದ ಕೈ ಎಂದು ಸುಮ್ಮನಾದೆ.

ಆ ಮಧ್ಯಾಹ್ನ ಕಂಬದ ಮಾಮ ಬಂದರು. ಅಪ್ಪನ ಜೊತೆ ಇಲಾಖೆಯಲ್ಲಿದ್ದವರು, ಕಂಬ ಹತ್ತುವುದರಲ್ಲಿ ನಿಸ್ಸೀಮರು. ಅಪ್ಪನ ಹೆಮ್ಮೆಗೆ ಕನ್ನಡಿ ಹಿಡಿಯುವ ಹಳೆಯ ಸ್ನೇಹಿತರಲ್ಲಿ ಇವರೇ ಮೊದಲಿಗರು. ನಾವಿಬ್ಬರೂ ಹೊಲಿಗೆ ಕೋಣೆಯಲ್ಲಿದ್ದೆವು. ತೆರೆದ ಬಾಗಿಲಿನಿಂದ ಹಾಲ್‌ನ ಮಾತು ಹಿತ್ತಲು ದಾಟಿ ಕೇಳಿಸುತ್ತಿತ್ತು.

"ನಮ್ಮನೇಲೂ ಮೇಲಿನ ರೂಮಿಗೆ ವೈರ್ ಎಳೆದೆ ಕಣಯ್ಯಾ," ಎನ್ನುತ್ತಿದ್ದರು ಮಾಮ. "ದೀಪ ಎಲ್ಲ ಹತ್ತುತ್ತೆ, ಸಿನಿಮಾ ಹಾಕಿದ್ರೆ ನಿಂತ್ಕೊಳುತ್ತೆ. ನನ್ನ ಸೊಸೆ ವೈರಿಂದೇ ತಪ್ಪು ಅಂತಾಳೆ. ನಮ್ಮ ಕೆಲಸಕ್ಕೆ ಹೆಸರಿಡ್ತಾಳೆ ನೋಡು! ನೀನೇ ಬಂದು ಒಂದು ಮಾತು ಹೇಳಬೇಕು ಅವಳಿಗೆ."

ಅಪ್ಪ ಪೇಪರು ಮಡಚಿ ಬದಿಗಿಟ್ಟ ಸದ್ದು ಕೇಳಿಸಿತು. ನನ್ನ ಸೂಜಿ ಬಟ್ಟೆಯಲ್ಲೇ ನಿಂತಿತ್ತು. ಗುಂಡಿ ಬಾಗಿಲಿನ ಕಡೆ ಕಿವಿಕೊಟ್ಟು ಕೂತಿದ್ದ.

"ಅವಳು ಹೇಳಿದ್ದು ಸರಿ," ಎಂದರು ಅಪ್ಪ. "ಪಕ್ಕಪಕ್ಕ ಕೂರಿಸಿರ್ತೀಯ. ನಾನೂ ಹಾಗೇ ಮಾಡಿದ್ದೆ. ನನ್ನ ಮಗಳು ಮೊದಲ ದಿನಾನೇ ಹೇಳಿದ್ಲು, ಕೇಬಲ್ ಅಂತ. ನಾನು ಕೇಳ್ಲಿಲ್ಲ. ತಪ್ಪು ನಂದೇ ಕಣಯ್ಯಾ. ಮಗೂನ ಸುಮ್ಮಸುಮ್ಮನೆ ಬೈದೆ."

ಕಣ್ಣು ಮಂಜಾಯಿತು. ಒರೆಸಿಕೊಳ್ಳಲಿಲ್ಲ. ಎದ್ದು ಅವನೆದುರು ಹೋಗಿ ನಿಂತೆ.

"ಈಗ ಕೇಳಿ. ನನ್ನನ್ನ ಕೇಳಿ."

ಅವನು ಎದ್ದು ನಿಂತ. ಅಷ್ಟು ಭಾನುವಾರ ತಮಾಷೆ ಮಾಡಿದವನು ಈಗ ಒಂದಕ್ಷರ ನುಂಗದೆ, ನನ್ನ ಮುಖವನ್ನೇ ನೋಡುತ್ತಾ ಕೇಳಿದ.

ಹೂಂ ಎಂದೆ. ಹಾಲ್‌ನಲ್ಲಿ ಕೂತ ಅಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ.